ನೀತಿ ಇಲ್ಲದ ಕಾದಂಬರಿ ಕೊಡಿ

ಹರಿಹರದ ಶಾಲೆಯೊಂದರಲ್ಲಿ ನಾನು ಏಳನೇ ತರಗತಿಗೆ ಕನ್ನಡ ಪಾಠ ಮಾಡುತ್ತೇನೆ. ಕಳೆದ ವರ್ಷ ಗ್ರಂಥಾಲಯದ ಪಿರಿಯಡ್ಡನ್ನೂ ನನ್ನ ತಲೆಗೇ ಕಟ್ಟಿದರು. ಮಕ್ಕಳಿಗೆ ಓದಿನ ರುಚಿ ಹತ್ತಿಸಿಯೇ ಬಿಡುತ್ತೇನೆಂಬ ಹುಮ್ಮಸ್ಸಿನಲ್ಲಿ, ಬೀರುವಿನಲ್ಲಿದ್ದ ಕಾದಂಬರಿಗಳಲ್ಲಿ ಶ್ರೇಷ್ಠವೆಂದು ತೋರಿದ್ದನ್ನೆಲ್ಲ ಹಂಚಿದೆ. ವಾರ ಕಳೆದ ಮೇಲೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ತನ್ನ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಹನ್ನೊಂದನೇ ಪುಟದಲ್ಲಿ ನವಿಲುಗರಿ ಇತ್ತು. ಅದರಾಚೆ ಪುಸ್ತಕ ತೆರೆದ ಗುರುತೇ ಇರಲಿಲ್ಲ.

“ಯಾಕೆ, ಕಷ್ಟ ಆಯ್ತಾ?” ಎಂದೆ.

“ಹಂಗೇನಿಲ್ಲ ಮಿಸ್. ಇದರಾಗೆ ಎಲ್ರೂ ಒಳ್ಳೇರೇ ಅದಾರೆ. ಹೆಂಗೆ ಓದೋದು?”

ಹಾಗಾದರೆ ಎಂಥದ್ದು ಬೇಕು ಎಂದು ಕೇಳಿದೆ. ಇಡೀ ತರಗತಿ ಗದ್ದಲವೆಬ್ಬಿಸಿ ತೀರ್ಮಾನಿಸಿತು: ಪುಸ್ತಕ ತೆಳ್ಳಗಿರಬೇಕು, ಅಕ್ಷರ ದಪ್ಪಗಿರಬೇಕು, ಕೊನೆಗೆ ನೀತಿ ಇರಲೇಕೂಡದು.

ನನ್ನ ಮನೆ ಇರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಆ ಭಾನುವಾರ ಪುಸ್ತಕದಂಗಡಿಯೊಂದಕ್ಕೆ ಹೋಗಿ, “ಮಕ್ಕಳಿಗೆ ನೀತಿ ಇಲ್ಲದ ಕಾದಂಬರಿ ಇದೆಯಾ?” ಎಂದೆ. ಅಂಗಡಿಯ ಯಜಮಾನರ ಹುಬ್ಬು ಹಣೆಯ ವಿಭೂತಿಯವರೆಗೆ ಏರಿತು.

“ನೀತಿ ಇಲ್ದದ್ದಾ? ತಾವು ಏನ್ ಕೆಲ್ಸ ಮಾಡ್ತೀರಿ?”

“ಟೀಚರ್.”

“ಟೀಚರಾಗಿ ಹಿಂಗಂದ್ರೆ ಹೆಂಗ್ರಿ?”

ಗೊಣಗುತ್ತಲೇ ಗೈಡುಗಳ ರಾಶಿಯ ಅಡಿಯಿಂದ ತೆಳ್ಳನೆಯ ಕಾದಂಬರಿಯೊಂದನ್ನು ಎಳೆದುಕೊಟ್ಟರು. ಅಜ್ಜಿಯೊಬ್ಬಳ ಹಲ್ಲುಸೆಟ್ಟು ಕಳೆದುಹೋಗುತ್ತದೆ. ಮೊಮ್ಮಕ್ಕಳು ಪತ್ತೇದಾರರಾಗಿ ಕಂಡಕಂಡವರ ಬಾಯಿಗೆಲ್ಲ ಟಾರ್ಚು ಬಿಟ್ಟು ನೋಡುತ್ತಾರೆ.

ಮರುದಿನ ಬಸ್ಸಿನಲ್ಲಿ ಓದುತ್ತಾ ಕುಳಿತೆ. ಪಕ್ಕದ ಮನೆಯ ಆಡಿನ ಬಾಯಿ ತೆರೆಸುವ ಅಧ್ಯಾಯ ಮುಗಿಸಿ ತಲೆಯೆತ್ತಿದರೆ, ಬಸ್ಸು ಹರಿಹರದಲ್ಲಿ ನಿಂತು, ಹೊರಟು, ತುಂಗಭದ್ರೆಯ ಸೇತುವೆಯನ್ನೂ ದಾಟಿತ್ತು.

“ಒಬ್ರೇ ನಗ್ತಿದ್ರಿ ಮೇಡಂ,” ಎಂದರು ಕಂಡಕ್ಟರ್. “ಯಾಕ ಬೇಕು ಅಂತ ನಾನೂ ಮಾತಾಡಿಸ್ಲಿಲ್ಲ.”

ಅಂದು ಪ್ರಾರ್ಥನೆ ತಪ್ಪಿತು. ಪುಸ್ತಕ ಮಾತ್ರ ಸರಿಯಾದದ್ದೇ ಸಿಕ್ಕಿದೆ ಎಂಬುದು ಖಾತ್ರಿಯಾಯಿತು.

ತರಗತಿಯಲ್ಲಿ ಆಡಿನವರೆಗೆ ಓದಿ ಫಟ್ಟನೆ ಮುಚ್ಚಿದೆ. “ಕದ್ದೋರು ಯಾರು ಮಿಸ್?” ಎಂದು ಕೂಗಾಟವೆದ್ದಿತು. ನವಿಲುಗರಿಯ ಹುಡುಗಿಯೇ ಎಲ್ಲರನ್ನೂ ತಳ್ಳಿಕೊಂಡು ಬಂದು ಪುಸ್ತಕ ಒಯ್ದಳು.

ಮೂರನೇ ದಿನ ಅವಳ ತಾಯಿ ಶಾಲೆಗೆ ಬಂದರು. “ಎಂಥಾ ಪುಸ್ತಕ ಕೊಟ್ಟೀರಿ? ಇವಳು ನಮ್ಮತ್ತೆ ಹಲ್ಲುಸೆಟ್ಟನ್ನ ಅಕ್ಕಿ ಡಬ್ಬಿಯಾಗೆ ಬಚ್ಚಿಟ್ಟು, ತಂಗಿಗೆ ಪತ್ತೆ ಹಚ್ಚು ಅಂತಾಳೆ. ಅತ್ತೆ ಎರಡು ಹೊತ್ತು ಗಂಜಿ ಕುಡಿದ್ರು!”

ಕ್ಷಮೆ ಕೇಳಿ, ಪುಸ್ತಕ ವಾಪಸ್ ಕಳಿಸಿಬಿಡಿ ಎಂದೆ. ಆಕೆ ದನಿ ತಗ್ಗಿಸಿದರು.

“ಅದನ್ನೇ ಕೇಳಾಕೆ ಬಂದೆ. ಈಗ ಅತ್ತೆ ಓದ್ತಾ ಕುಂತಾರೆ, ಕೊಡಂಗಿಲ್ಲ ಅಂತಾರೆ. ಇನ್ನೆರಡು ದಿನ ಇರ್ಲೇನ್ರಿ?”

ಸರದಿಗೆ ಕಾಯುತ್ತಿದ್ದ ಮಕ್ಕಳು ಇದಕ್ಕೆ ಸುತರಾಂ ಒಪ್ಪಲಿಲ್ಲ. ಶಾಲೆ ಬಿಟ್ಟೊಡನೆ ಆರೇಳು ಮಂದಿ ಅವರ ಮನೆಗೇ ದಾಳಿಯಿಟ್ಟರು. ಜಗಳವಾದೀತೆಂದು ನಾನೂ ಹಿಂದೆ ಓಡಿದೆ. ಅಜ್ಜಿ ಮನೆ ಮುಂದಿನ ಕಟ್ಟೆಯ ಮೇಲೆ, ಹಲ್ಲುಸೆಟ್ಟು ಹಾಕಿಕೊಂಡು, ಪುಸ್ತಕವನ್ನು ಮೂಗಿಗೆ ತಾಗುವಂತೆ ಹಿಡಿದು ಕುಳಿತಿದ್ದರು.

“ಗಲಾಟೆ ಬ್ಯಾಡ. ಇನ್ನೊಂದೇ ಪಾಠ ಐತೆ, ಕೂಡ್ರಿ,” ಎಂದವರೇ ಗಟ್ಟಿಯಾಗಿ ಓದತೊಡಗಿದರು.

ಮಕ್ಕಳು ಕೂತರು. ನಾನೂ ಚಪ್ಪಲಿ ಬಿಟ್ಟು ಅವರ ನಡುವೆ ಜಾಗ ಮಾಡಿಕೊಂಡೆ.