ಸಾವಿರ ರೂಪಾಯಿಯ ಸೂಜಿ

ನಾನು ಮಾಸ್ತರನಾಗಿದ್ದ ಊರಿಗೆ ಕಾಲುವೆ ಬಂದ ಮೇಲೆ ಅದರ ಸೇತುವೆಯಡಿ ಹೆಜ್ಜೇನು ಕಟ್ಟತೊಡಗಿತು. ಭತ್ತದ ನಾಟಿಗೆ ಹೋದವರನ್ನು ಹುಳ ಕಡಿದರೆ ಜನ ನರ್ಸ್‌ಬಾಯಿಯ ಮನೆಗೆ ಹೊತ್ತು ತರುತ್ತಿದ್ದರು. ಹೆಚ್ಚಿನವರಿಗೆ ಬರೀ ಉರಿ. ಒಬ್ಬಿಬ್ಬರಿಗೆ ಮಾತ್ರ ತುಟಿ ಊದಿ ಉಸಿರು ಕಟ್ಟುತ್ತಿತ್ತು. ಅಂಥವರಿಗೆಂದೇ ಆಕೆ ಬೆಂಕಿಪೊಟ್ಟಣದಲ್ಲಿ ಹತ್ತಿಯ ನಡುವೆ ಒಂದು ಪುಟ್ಟ ಗಾಜಿನ ಶೀಶೆಯ ಔಷಧಿ ಇಟ್ಟಿರುತ್ತಿದ್ದಳು.

"ಸಾವಿರ ರೂಪಾಯಿ ಸೂಜಿ ಅದ, ಸುಮ್ಮ ಮಲ್ಕೋ," ಎಂದು ಗದರಿಸಿ ತೊಡೆಗೆ ಚುಚ್ಚುವಳು. ಆ ಮಾತಿಗೆ ಜೊತೆಗೆ ಬಂದವರೂ ತೆಪ್ಪಗಾಗುತ್ತಿದ್ದರು. ದುಡ್ಡು ಮಾತ್ರ ಆಕೆ ಯಾರಿಂದಲೂ ತೆಗೆದುಕೊಳ್ಳುತ್ತಿರಲಿಲ್ಲ.

ಒಮ್ಮೆ ನಾನು ಶಹಾಪುರಕ್ಕೆ ಹೊರಟಾಗ ಅದೇ ಔಷಧಿ ತರಲು ಹೇಳಿದಳು. ಅದರ ಬೆಲೆ ನನ್ನ ಬಸ್ಸಿನ ಟಿಕೆಟ್ಟಿಗಿಂತ ಕಡಿಮೆ ಇತ್ತು.

"ಬಾಯಾರ, ಮಂದಿಗಿ ಸುಳ್ಳ ಯಾಕ ಹೇಳ್ತೀರಿ?" ಎಂದೆ.

ಆಕೆ ಕಟ್ಟೆಯ ಮೇಲೆ ಕೂತು ಬೆಂಕಿಪೊಟ್ಟಣ ತೆರೆದಳು.

"ಮೊದಲ ಖರೇನ ಹೇಳ್ತಿದ್ನಿ, ಮಾಸ್ತರ. ಇಷ್ಟ ಸಸ್ತಾ ಸೂಜಿ ಏನ್ ಕೆಲಸ ಮಾಡ್ತದಂತ ಒಬ್ಬಾಂವ ಹೇಣ್ತಿಗಿ ಚುಚ್ಚಾಕ ಬಿಡಲಿಲ್ಲ. ಆಕಿಗಿ ಸಲಾಯಿನ್ ಹಚ್ಚಸಾಕ ಬಂಡಿ ಕಟಗೊಂಡು ಸುರಪುರಕ್ಕ ಹೊಂಟ."

ನಾನು ತಂದ ಔಷಧಿಯನ್ನು ಹತ್ತಿಯಲ್ಲಿ ಹುದುಗಿಸಿ ಪೊಟ್ಟಣ ಮುಚ್ಚಿದಳು.

"ಕೆನಾಲ್ ದಾಟೂತನಕ ಸೈತ ಆಕಿ ಉಳೀಲಿಲ್ರಿ."