ಮಂಟಪ ಮುಳುಗಿದೆ, ಯಾರೂ ಬರಬೇಡಿ

ಗೆಳೆಯರೇ, ಇವತ್ತು ನಂಜನಗೂಡನ್ನು ಪ್ರವಾಹದಿಂದ ಕಾಪಾಡಲು ಹೊರಟಿದ್ದೆ. ನಗಬೇಡಿ. ಕಬಿನಿ ಅಣೆಕಟ್ಟೆಯಿಂದ ನಮ್ಮ ಕಪಿಲೆಗೆ ನೀರು ಬಿಟ್ಟಿದ್ದರು. ಊರಿನ ಸಭೆಗಳಲ್ಲೆಲ್ಲ ಭಾಷಣ ಬಿಗಿಯುವ ನಿವೃತ್ತ ಇತಿಹಾಸದ ಮೇಷ್ಟ್ರು ನಾನೇ ತಾನೇ, ಪೊಲೀಸರು ಆಟೋದಲ್ಲಿ ಕೂರಿಸಿ ಕೈಗೆ ಮೈಕ್ ಕೊಟ್ಟರು. ಬೀದಿ ಬೀದಿಯಲ್ಲಿ ಸಾರಿದೆ: "ಹದಿನಾರು ಕಾಲು ಮಂಟಪ ಅರ್ಧ ಮುಳುಗಿದೆ! ಕಪಿಲೆ ಭೋರ್ಗರೆಯುತ್ತಿದ್ದಾಳೆ! ಯಾರೂ ಹೊಳೆ ಹತ್ತಿರ ಹೋಗಬೇಡಿ!"

ಸಾರಿ ಮುಗಿಸಿ ಸ್ನಾನಘಟ್ಟಕ್ಕೆ ಬಂದರೆ ಅರ್ಧ ಊರು ಅಲ್ಲೇ ನಿಂತಿದೆ. ಮಕ್ಕಳು ಹೆಗಲ ಮೇಲೆ, ಮೊಬೈಲು ಕೈಯಲ್ಲಿ. ಎಲ್ಲರಿಗಿಂತ ಮುಂದೆ ನಮ್ಮ ಅತ್ತಿಗೆ, ಬಾಗಿನದ ಮೊರ ಹಿಡಿದು.

"ನೀವ್ಯಾಕೆ ಬಂದ್ರಿ ಅತ್ತಿಗೆ?"

"ಮಂಟಪ ಮುಳುಗ್ತು ಅಂತ ನೀನೇ ಅಷ್ಟು ಸೊಗಸಾಗಿ ಕೂಗ್ದಲ್ಲಪ್ಪ! ಕೇಳ್ಕಂಡು ಮನೇಲಿ ಕೂರಕ್ಕಾಯ್ತದಾ? ತುಂಬಿದ್ ಒಳೆಗೆ ಬಾಗಿನ ಬಿಡ್ಬೇಡ್ವಾ?"

ಅಷ್ಟರಲ್ಲಿ ಒಂದು ಮಗು ಒದ್ದೆ ಮೆಟ್ಟಿಲ ಮೇಲೆ ಜಾರಿತು. ಅದರಪ್ಪ ರಟ್ಟೆ ಹಿಡಿದು ಎಳೆದುಕೊಂಡ. ಪೊಲೀಸರ ಸೀಟಿಗೂ ಜನ ಕದಲಲಿಲ್ಲ. ತಡೆಯಲಾಗದೆ ಮೈಕ್ ಎತ್ತಿದೆ: "ಬಂಧುಗಳೇ, ನಾಗರಿಕತೆಗಳು ಹುಟ್ಟಿದ್ದೇ ನದಿಯ ದಡದಲ್ಲಿ. ಮೊದಲಿಗೆ ಸಿಂಧೂ ಕಣಿವೆಯನ್ನು ತೆಗೆದುಕೊಳ್ಳೋಣ..."

"ಮೇಷ್ಟ್ರು ಶುರು ಅಚ್ಕಂಡ್ರು ಕಣ್ಲಾ, ನಡೀರಿ ನಡೀರಿ!" ಎಂದು ಯಾರೋ ಕೂಗಿದರು. ನಾನು ಮೊಹೆಂಜೊದಾರೊ ತಲುಪುವಷ್ಟರಲ್ಲಿ ದಡ ಖಾಲಿ. "ಬಾಗಿನ ನೀರಿಳಿದ್ಮೇಲೆ ಬಿಟ್ರಾಯ್ತು ಬುಡು" ಎನ್ನುತ್ತ ಅತ್ತಿಗೆಯೂ ಮೊರ ಎತ್ತಿಕೊಂಡು ಹೊರಟರು.

ಇನ್ಸ್‌ಪೆಕ್ಟರ್ ಕೈ ಕುಲುಕಿ, "ನಾಳೆನೂ ಬನ್ನಿ ಸಾ" ಎಂದರು.

ಉಕ್ಕಿದ ಕಪಿಲೆಗೂ ಹೆದರದ ಊರು ನಮ್ಮದು. ನನಗೆ ಮಾತ್ರ ಹೆದರುತ್ತದೆ.