ಮಳೆಗಾಲದ ಉನ್ಹಾಳಿ

ಗೆಳತಿಯರೇ, ಇವತ್ತು ಒಂದು ಮರಾಠಿ ಶಬ್ದ ನನಗೆ ಕೈಕೊಟ್ಟಿತು.

ಈ ವರ್ಷ ನನಗೆ ಮೂತ್ರದ ಸೋಂಕು ಆಗಿರುವುದು ಇದು ನಾಲ್ಕನೆಯ ಸಲ. ನಾಳೆ ಲ್ಯಾಬಿಗೆ ಹೋಗಿ ಡಾಕ್ಟರನ್ನು ಕಾಣಲು ರಜೆ ಬೇಕಿತ್ತು. ಚಾಕಣದ ನಮ್ಮ ಕಾರ್ಖಾನೆಯ ಸೂಪರ್‌ವೈಸರ್ ಇನ್ನೂ ಮದುವೆಯಾಗದ ಮರಾಠಿ ಹುಡುಗ. ಅವನ ಮುಂದೆ ಹೇಗೆ ಹೇಳುವುದು? ನಾವಿರುವ ನಿಗಡಿಯಲ್ಲಿ ಪಕ್ಕದ ಮನೆಯ ಸಾವಿತ್ರಕ್ಕ ಉಪಾಯ ಹೇಳಿಕೊಟ್ಟಿದ್ದರು: "ಉರಿಮೂತ್ರಕ್ಕ ಮರಾಠಿಯೊಳಗ ಉನ್ಹಾಳಿ ಅಂತಾರ ನೋಡವಾ. ಹಂಗ ಅಂದುಬಿಡು, ನಾಚಿಕಿ ಆಗೂದಿಲ್ಲ."

ಹಾಗೇ ಅಂದೆ. ಅವನು ಕಿಟಕಿಯಾಚೆ ಸುರಿಯುತ್ತಿದ್ದ ಮಳೆ ನೋಡಿದ. ಆ ಶಬ್ದಕ್ಕೆ ಬೇಸಿಗೆ ಎಂಬ ಅರ್ಥವಷ್ಟೇ ಅವನಿಗೆ ಗೊತ್ತು.

"ಉನ್ಹಾಳಿ ಸುಟ್ಟಿ ಸಂಪಲಿ, ಮ್ಯಾಡಮ್."

ಬೇಸಿಗೆ ರಜೆ ಮುಗಿಯಿತಂತೆ. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗುವಾಗಲೂ ಉರಿಯುತ್ತಿತ್ತು. ಹೆಂಗಸರ ಬಾತ್‌ರೂಮು ಆಚೆ ಶೆಡ್ಡಿನಲ್ಲಿದೆ, ಹೋಗಬೇಕೆಂದರೆ ಪ್ರತಿ ಸಲವೂ ಇವನನ್ನೇ ಕೇಳಬೇಕು. ಅದಕ್ಕೇ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ. ಡಾಕ್ಟರು ಪ್ರತಿ ಸಲ ಬೈಯುವುದೂ ಇದಕ್ಕೇ.

ಇದ್ದದ್ದನ್ನು ಇದ್ದ ಹಾಗೆ ಹೇಳೋಣ ಎಂದು ಬಾಯಿ ತೆರೆದೆ. ಆಗಲಿಲ್ಲ. ನಾಳೆ ತಂಗಿಯ ನಿಶ್ಚಿತಾರ್ಥವಿದೆ ಎಂದುಬಿಟ್ಟೆ. ಅರ್ಜಿಗೆ ನಿಂತಲ್ಲೇ ಸಹಿ ಬಿತ್ತು. "ಪೇಢೆ ಮರೆಯಬೇಡಿ," ಎಂದ.

ನಾಳೆ ಲ್ಯಾಬಿನಿಂದ ಬರುತ್ತ ಪೇಢೆ ತರಬೇಕು. ನನಗೆ ತಂಗಿಯೇ ಇಲ್ಲ. ಸೋಂಕು ಇನ್ನೊಮ್ಮೆ ಬಂದರೆ ಅವಳ ಮದುವೆಯನ್ನೂ ಮಾಡಬೇಕಾಗುತ್ತದೆ.